ವೈದ್ಯರ ಅಲಕ್ಷ್ಯಕ್ಕೆ ಗುರಿಯಾದವರು ಮಾಡತಕ್ಕದ್ದೇನು?

ಪುಣೆಯ ಒಂದು ಹಳೆಯ ದಾವೆಯೂ ನಮ್ಮವರು ಕಲಿಯಬೇಕಾದ ಪಾಠವೂ

ವೈದ್ಯರ ಅಲಕ್ಷ್ಯದ ಬಗ್ಗೆ ಭಾರತದ ಯಾವ ನ್ಯಾಯಾಲಯದಲ್ಲಿ ವಾದ ನಡೆದರೂ ವಕೀಲರು ಆಗಾಗ ಎತ್ತಿ ತೋರಿಸುವ ಹಳೆಯ ತೀರ್ಪೊಂದಿದೆ. ಆ ತೀರ್ಪಿನ ಮೂಲ ನಾವು ಬಾಳುತ್ತಿರುವ ಈ ಪುಣೆ ಪಟ್ಟಣದಲ್ಲಿಯೇ ಇದೆ ಎಂಬುದು ನಮ್ಮ ವಾಚಕರಲ್ಲಿ ಬಹುಮಂದಿಗೆ ತಿಳಿದಿರಲಾರದು. ಅದನ್ನು ತಿಳಿದುಕೊಳ್ಳುವುದು ಕೇವಲ ಕುತೂಹಲದ ಮಾತಲ್ಲ. ನಾಳೆ ನಮ್ಮ ಮನೆಗೂ ಅಂತಹ ಆಪತ್ತು ಬಂದಲ್ಲಿ ಹೇಗೆ ನಡೆದುಕೊಳ್ಳಬೇಕೆಂಬುದಕ್ಕೆ ಅದು ದಾರಿ ತೋರಿಸುತ್ತದೆ.

1953ನೆಯ ಇಸವಿ ಮೇ 6ರಂದು ರತ್ನಾಗಿರಿ ಜಿಲ್ಲೆಯ ಪಾಲಶೇತ ಎಂಬ ಹಳ್ಳಿಯ ಕಡಲ ದಂಡೆಯಲ್ಲಿ ಸುಮಾರು ಇಪ್ಪತ್ತು ವಯಸ್ಸಿನ ತರುಣನೊಬ್ಬನು ಅಪಘಾತಕ್ಕೀಡಾದನು. ಅವನ ಎಡತೊಡೆಯ ಎಲುಬು ಮುರಿಯಿತು. ಹಳ್ಳಿಯ ವೈದ್ಯರು ಕಾಲಿಗೆ ಮರದ ಹಲಗೆ ಕಟ್ಟಿ ಕೈಲಾದ ಉಪಚಾರ ಮಾಡಿದರು. ಮೂರು ದಿನಗಳ ತರುವಾಯ, ಮೇ 9ರಂದು, ಅವನನ್ನು ಬಾಡಿಗೆಯ ಮೋಟಾರಿನಲ್ಲಿ ಮಲಗಿಸಿಕೊಂಡು ದೂರದ ಘಟ್ಟದ ಹಾದಿಯನ್ನು ಸವೆಸಿ ಪುಣೆಗೆ ಕರೆತರಲಾಯಿತು. ಇಲ್ಲಿಯ ಒಬ್ಬ ಶಸ್ತ್ರವೈದ್ಯರ ಆಸ್ಪತ್ರೆಯಲ್ಲಿ ಅವನನ್ನು ಸೇರಿಸಲಾಯಿತು. ಎರಡು ಮಾರ್ಫಿಯಾ ಚುಚ್ಚುಮದ್ದು ಕೊಡಬೇಕೆಂದು ಆಜ್ಞೆಯಾಗಿತ್ತು, ಕೊಟ್ಟದ್ದು ಒಂದೇ. ಯೋಗ್ಯವಾದ ಅರಿವಳಿಕೆ ಕೊಡದೆ, ಮೂವರು ಸಹಾಯಕರಿಂದ ಕಾಲನ್ನು ಜಗ್ಗಿಸಿ ಎಲುಬನ್ನು ಕೂಡಿಸಿ ಪ್ಲಾಸ್ಟರು ಹಾಕಲಾಯಿತೆಂದು ನ್ಯಾಯಾಲಯವು ಮುಂದೆ ನಿರ್ಣಯಿಸಿತು. ಅಂದೇ ರಾತ್ರಿ 9 ಗಂಟೆಗೆ ಹುಡುಗನು ತೀರಿಕೊಂಡನು.

ಕೊಬ್ಬಿನ ಕಣವು ರಕ್ತನಾಳದಲ್ಲಿ ಸೇರಿ ಮರಣ ಸಂಭವಿಸಿತೆಂದು ವೈದ್ಯರ ವಾದ. ನೋವಿನ ಆಘಾತದಿಂದ ಮಗನು ಸತ್ತನೆಂದು ತಂದೆತಾಯಿಗಳ ವಾದ. ದಾವೆ ನಡೆಯಿತು. ಕೆಳಗಿನ ನ್ಯಾಯಾಲಯವು 3,000 ರೂಪಾಯಿ ಪರಿಹಾರ ಕೊಡಿಸಿತು. ಮುಂಬಯಿಯ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ವೈದ್ಯರು ಸುಪ್ರೀಂ ಕೋರ್ಟಿಗೆ ಹೋದರು. 1968ನೆಯ ಮೇ 2ರಂದು ಸುಪ್ರೀಂ ಕೋರ್ಟು ಅವರ ಅಪೀಲನ್ನು ವಜಾ ಮಾಡಿತು. ಲಕ್ಷ್ಮಣ ಬಾಲಕೃಷ್ಣ ಜೋಶಿ ವಿರುದ್ಧ ತ್ರ್ಯಂಬಕ ಬಾಪು ಗೋಡಬೋಲೆ ಎಂದು ಕಾನೂನು ಪುಸ್ತಕಗಳಲ್ಲಿ ಪ್ರಸಿದ್ಧವಾದ ದಾವೆಯೇ ಇದು.

ಹದಿನೈದು ವರ್ಷಗಳ ಅಲೆದಾಟಕ್ಕೆ ಮೂರು ಸಾವಿರ ರೂಪಾಯಿ! ವ್ಯವಹಾರದ ಕಣ್ಣಿನಿಂದ ನೋಡುವವರು ಇದನ್ನು ನಷ್ಟದ ಬಾಬತ್ತೆಂದೇ ಬರೆದಾರು. ನಾವೂ ಬಹುಕಾಲ ಹೊಟೇಲಿನ ಗಲ್ಲೆಯ ಮೇಲೆ ಕುಳಿತು ಲೆಕ್ಕ ಬರೆದವರೇ. ಆದರೆ ಆ ತಂದೆತಾಯಿಗಳ ಹಟದಿಂದ ದೇಶಕ್ಕೆ ದೊರೆತದ್ದನ್ನು ಯಾವ ಖಾತೆಯಲ್ಲಿ ಬರೆಯುವುದು? ರೋಗಿಯನ್ನು ಕೈಗೆತ್ತಿಕೊಳ್ಳಬೇಕೆ ಬೇಡವೆ ಎಂದು ನಿಶ್ಚಯಿಸುವಾಗ, ಯಾವ ಚಿಕಿತ್ಸೆ ಕೊಡಬೇಕೆಂದು ನಿಶ್ಚಯಿಸುವಾಗ, ಆ ಚಿಕಿತ್ಸೆಯನ್ನು ಕೊಡುವಾಗ – ಈ ಮೂರು ಘಟ್ಟಗಳಲ್ಲಿಯೂ ವೈದ್ಯನು ಎಚ್ಚರಿಕೆಗೆ ಬದ್ಧನು. ಯಾವುದೊಂದರಲ್ಲಿ ತಪ್ಪಿದರೂ ರೋಗಿಗೆ ದಾವೆಯ ಹಕ್ಕುಂಟು ಎಂದು ಸುಪ್ರೀಂ ಕೋರ್ಟು ಅಂದು ಸಾರಿತು. ಇದರೊಂದಿಗೆ, ವೈದ್ಯನಿಂದ ಅತ್ಯುಚ್ಚ ಕೌಶಲವನ್ನು ಕಾನೂನು ಬೇಡುವುದಿಲ್ಲ, ತೀರ ಕೀಳಾದ ಕೌಶಲದಿಂದ ತೃಪ್ತಿಗೊಳ್ಳುವುದೂ ಇಲ್ಲ ಎಂಬ ಅಳತೆಗೋಲನ್ನೂ ಕೊಟ್ಟಿತು. ಅದೇ ಅಳತೆಗೋಲನ್ನು ಹಿಡಿದು ಅನಂತರ ಎಷ್ಟೋ ಕುಟುಂಬಗಳು ನ್ಯಾಯದ ಬಾಗಿಲು ತಟ್ಟಿವೆ.

ಸುಮ್ಮನಾಗುವವರೂ ಕಲ್ಲೆಸೆಯುವವರೂ

ವೈದ್ಯನನ್ನು ನಾರಾಯಣನೆಂದು ಕರೆದ ನಾಡು ನಮ್ಮದು. ಆ ಗೌರವ ತಪ್ಪಲ್ಲ. ಹಗಲಿರುಳು ದುಡಿದು ಸಾವಿರಾರು ಜನರ ಪ್ರಾಣವುಳಿಸುವ ವೈದ್ಯರು ಈ ಪುಣೆಯಲ್ಲಿಯೇ ಎಷ್ಟು ಮಂದಿಯಿಲ್ಲ! ರೋಗಿ ಗುಣವಾಗಲಿಲ್ಲವೆಂದ ಮಾತ್ರಕ್ಕೆ ವೈದ್ಯನು ತಪ್ಪಿತಸ್ಥನಾಗುವುದೂ ಇಲ್ಲ. ಎಲ್ಲ ಎಚ್ಚರಿಕೆ ವಹಿಸಿದರೂ ಕೆಲವು ಶಸ್ತ್ರಕ್ರಿಯೆಗಳು ಕೈಗೂಡವು. ಕೆಲವು ಔಷಧಗಳು ಕೆಲವರ ಮೈಗೆ ಒಗ್ಗವು. ದುರ್ದೈವ ಬೇರೆ, ಅಲಕ್ಷ್ಯ ಬೇರೆ. ಇವೆರಡನ್ನೂ ಬೇರ್ಪಡಿಸಿ ನೋಡುವುದೇ ಈ ವಿಷಯದಲ್ಲಿ ಮೊದಲನೆಯ ವಿವೇಕ.

ಆದರೆ ನಮ್ಮವರು ಸಾಮಾನ್ಯವಾಗಿ ಎರಡು ದಾರಿ ಹಿಡಿಯುವುದನ್ನು ನಾವು ಕಂಡಿದ್ದೇವೆ. ಒಂದು, ಹಣೆಬರಹವೆಂದು ಸುಮ್ಮನಾಗುವುದು. ಪರವೂರು, ಪರಭಾಷೆ, ನಾಳೆ ಬೆಳಗಾದರೆ ಹೊಟೇಲಿನ ಬಾಗಿಲು ತೆರೆಯಬೇಕು. ನಮಗೇಕೆ ಕೋರ್ಟು ಕಚೇರಿ ಎಂಬ ಅಂಜಿಕೆ. ಇನ್ನೊಂದು, ಸಿಟ್ಟಿನ ಭರದಲ್ಲಿ ಆಸ್ಪತ್ರೆಗೆ ನುಗ್ಗಿ ಗಾಜು ಒಡೆಯುವುದು. ಮಹಾರಾಷ್ಟ್ರದಲ್ಲಿ 2010ರ ಕಾಯಿದೆಯ ಮೇರೆಗೆ ವೈದ್ಯರ ಮೇಲಾಗಲಿ ಆಸ್ಪತ್ರೆಯ ಮೇಲಾಗಲಿ ಕೈಮಾಡಿದವರಿಗೆ ಮೂರು ವರ್ಷಗಳವರೆಗೆ ಸೆರೆಮನೆ, 50,000 ರೂಪಾಯಿವರೆಗೆ ದಂಡ, ಮೇಲಾಗಿ ಹಾಳುಮಾಡಿದ ಸ್ವತ್ತಿನ ಬೆಲೆಯ ಇಮ್ಮಡಿ ಹಣ. ಜಾಮೀನು ಸುಲಭವಾಗಿ ದೊರೆಯದ ಅಪರಾಧವಿದು. ನ್ಯಾಯ ಕೇಳಬೇಕಾದ ಫಿರ್ಯಾದಿಯು ಕಲ್ಲೊಂದನ್ನೆಸೆದು ತಾನೇ ಆರೋಪಿಯಾಗುವನು. ಮೌನವೂ ಬೇಡ, ಕಲ್ಲೂ ಬೇಡ. ಈ ಹೋರಾಟದಲ್ಲಿ ಕಡೆಯವರೆಗೆ ನಿಲ್ಲುವುದು ಕಾಗದ ಮತ್ತು ತಾರೀಖು, ಇವೆರಡೇ.

ಮೊದಲ ಮೂರು ದಿನಗಳು

ಚಿಕಿತ್ಸೆ ಹದಗೆಟ್ಟಿತೆಂಬ ಸಂಶಯ ಬಂದೊಡನೆ ಮೊದಲು ನೋಡಬೇಕಾದುದು ರೋಗಿಯ ಜೀವವನ್ನು. ಜಗಳ ಆಮೇಲೆ. ಚಿಕಿತ್ಸೆ ಮಾಡಿದ ವೈದ್ಯರನ್ನೇ ಶಾಂತವಾಗಿ ಕಂಡು, ಏನಾಯಿತು, ಏಕಾಯಿತು, ಮುಂದೇನು ಎಂದು ಕೇಳಬೇಕು. ಅವರ ಉತ್ತರವನ್ನು ತಾರೀಖು, ಗಂಟೆ ಸಹಿತ ಅಂದೇ ಬರೆದಿಡಬೇಕು. ನಂಬಿಕೆ ಉಳಿಯದಿದ್ದಲ್ಲಿ ಬೇರೆ ಆಸ್ಪತ್ರೆಯ ತಜ್ಞರಿಗೆ ತೋರಿಸಬೇಕು. ಎರಡನೆಯ ವೈದ್ಯರ ಅಭಿಪ್ರಾಯವು ರೋಗಿಗೆ ಮದ್ದಾಗುವಂತೆ ಮುಂದೆ ದಾವೆಗೂ ಆಧಾರವಾಗುತ್ತದೆ.

ಕೂಡಲೆ ಮಾಡಬೇಕಾದ ಎರಡನೆಯ ಕೆಲಸವೆಂದರೆ ಆಸ್ಪತ್ರೆಯ ಕಾಗದಪತ್ರಗಳ ನಕಲು ಬೇಡುವುದು. ವೈದ್ಯರ ನಡವಳಿಕೆಯ ಬಗ್ಗೆ 2002ರಲ್ಲಿ ಮಾಡಿದ ನಿಯಮಗಳ ಪ್ರಕಾರ, ರೋಗಿಯಾಗಲಿ ಅವನಿಂದ ಅಧಿಕಾರ ಪಡೆದವರಾಗಲಿ ಕೇಳಿದ 72 ಗಂಟೆಗಳೊಳಗಾಗಿ ದಾಖಲೆಗಳನ್ನು ಕೊಡತಕ್ಕದ್ದು. ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಆರಂಭವಾದಂದಿನಿಂದ ಮೂರು ವರ್ಷ ಕಾಪಾಡತಕ್ಕದ್ದು. ಅದಕ್ಕೂ ಮೊದಲೇ, 1996ರಲ್ಲಿ, ಮುಂಬಯಿ ಉಚ್ಚ ನ್ಯಾಯಾಲಯವು ಈ ಕಾಗದಗಳನ್ನು ಪಡೆಯುವ ಹಕ್ಕು ರೋಗಿಗಿದೆಯೆಂದು ತೀರ್ಪಿತ್ತಿದೆ. ಬಾಯಲ್ಲಿ ಕೇಳಿದರೆ ನಾಳೆ ಬನ್ನಿ ಎಂದಾರು. ಆದುದರಿಂದ ಅರ್ಜಿಯನ್ನು ಬರೆದೇ ಕೊಟ್ಟು, ಅದರ ಪ್ರತಿಯ ಮೇಲೆ ಆಸ್ಪತ್ರೆಯ ಮುದ್ರೆಯನ್ನೂ ತಾರೀಖನ್ನೂ ಹಾಕಿಸಿಕೊಳ್ಳಬೇಕು. ಮುದ್ರೆ ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಬೇಕು.

ಡಿಸ್ಚಾರ್ಜ್ ಕಾರ್ಡೊಂದನ್ನೇ ಹಿಡಿದು ಮನೆಗೆ ಬರುವವರೇ ಹೆಚ್ಚು. ಅದು ಸಾಲದು. ದಾಖಲಾದಂದಿನ ಕೇಸ್‌ಪೇಪರು, ದಾದಿಯರು ಗಂಟೆಗಂಟೆಗೆ ಬರೆದ ಟಿಪ್ಪಣಿ, ಕೊಟ್ಟ ಔಷಧಗಳ ಪಟ್ಟಿ, ಶಸ್ತ್ರಕ್ರಿಯೆಯ ಮತ್ತು ಅರಿವಳಿಕೆಯ ವಿವರ, ಸಹಿ ಮಾಡಿದ ಒಪ್ಪಿಗೆಪತ್ರ, ರಕ್ತಪರೀಕ್ಷೆ ಹಾಗೂ ಎಕ್ಸ್‌ರೇ ವರದಿಗಳು, ಎಲ್ಲ ಬಿಲ್ಲು ಮತ್ತು ರಸೀದಿಗಳು – ಇವಿಷ್ಟನ್ನೂ ಹೆಸರು ಹೇಳಿ ಕೇಳಬೇಕು. ಪುಣೆಯ ಆ ತರುಣನ ದಾವೆಯಲ್ಲಿ ಕೊಡಬೇಕಾದ ಚುಚ್ಚುಮದ್ದು ಎರಡು, ಕೊಟ್ಟದ್ದು ಒಂದು ಎಂಬುದು ಎಷ್ಟು ಮುಖ್ಯವಾಯಿತೆಂಬುದನ್ನು ವಾಚಕರು ಮರೆಯಬಾರದು. ಅಂತಹ ಸಂಗತಿ ಡಿಸ್ಚಾರ್ಜ್ ಕಾರ್ಡಿನಲ್ಲಿ ಸಿಕ್ಕದು.

ಒಪ್ಪಿಗೆಪತ್ರದ ಬಗ್ಗೆ ಎರಡು ಮಾತು. ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಅಚ್ಚಾದ ಹಾಳೆಗೆ ಓದದೆ ಸಹಿ ಮಾಡುವುದು ನಮ್ಮವರಲ್ಲಿ ರೂಢಿ. ಸಹಿ ಮಾಡಿದ್ದರಿಂದ ಎಲ್ಲ ಮುಗಿಯಿತೆಂದು ತಿಳಿಯಬೇಕಾಗಿಲ್ಲ. ರೋಗಿಗೆ ಚಿಕಿತ್ಸೆಯ ಸ್ವರೂಪ, ಅದರ ಅಪಾಯ, ಬೇರೆ ಉಪಾಯಗಳು ಇವುಗಳನ್ನು ತಿಳಿಸಿ ಪಡೆದುದೇ ನಿಜವಾದ ಒಪ್ಪಿಗೆ. ಪರೀಕ್ಷೆಗೆಂದು ಕೊಟ್ಟ ಒಪ್ಪಿಗೆಯು ಶಸ್ತ್ರಕ್ರಿಯೆಗೆ ಸಲ್ಲದು ಎಂದು ಸುಪ್ರೀಂ ಕೋರ್ಟು 2008ರಲ್ಲಿ ಸಮೀರಾ ಕೊಹ್ಲಿ ದಾವೆಯಲ್ಲಿ ಹೇಳಿದೆ. ಆದರೂ ಸಹಿ ಮಾಡುವ ಮುನ್ನ ನಮಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಿರೆಂದು ಕೇಳಲು ಯಾರೂ ನಾಚಬಾರದು.

ಮರಣವೇ ಸಂಭವಿಸಿದಲ್ಲಿ ಇನ್ನೂ ಕಠಿಣವಾದ ಮಾತೊಂದನ್ನು ಹೇಳಬೇಕಾಗಿದೆ. ನಮ್ಮವರು ಮೃತದೇಹವನ್ನು ಅಂದೇ ರಾತ್ರಿ ಆಂಬುಲೆನ್ಸಿನಲ್ಲಿಟ್ಟು ಸಾತಾರಾ, ಕೊಲ್ಹಾಪುರ, ಬೆಳಗಾವಿ ದಾಟಿ ಊರಿಗೆ ಒಯ್ಯುತ್ತಾರೆ. ಊರ ಮಣ್ಣಿನಲ್ಲಿಯೇ ಸಂಸ್ಕಾರವಾಗಬೇಕೆಂಬ ಆಸೆ ಸಹಜ. ಆದರೆ ಮರಣದ ಕಾರಣದ ಬಗ್ಗೆ ಸಂಶಯವಿದ್ದಲ್ಲಿ, ಹೊರಡುವ ಮುನ್ನ ಪೊಲೀಸ್ ಠಾಣೆಗೆ ಬರೆದು ತಿಳಿಸಿ ಮರಣೋತ್ತರ ಪರೀಕ್ಷೆ ಮಾಡಿಸಲೇಬೇಕು. ಕರುಳು ಕತ್ತರಿಸಿದಂತಾಗುವ ಕೆಲಸವೆಂದು ನಾವು ಬಲ್ಲೆವು. ಆದರೆ ಚಿತೆಯೊಡನೆ ಸಾಕ್ಷ್ಯವೂ ಬೂದಿಯಾದ ಮೇಲೆ ಯಾವ ವಕೀಲನೂ ಅದನ್ನು ಮರಳಿ ತರಲಾರನು.

ಇನ್ನೊಂದು ಎಚ್ಚರಿಕೆ. ಹೊಟೇಲಿನಲ್ಲಿ ಸಾಂಬಾರಿನಲ್ಲಿ ಕೂದಲು ಬಂತೆಂದು ಗಿರಾಕಿ ಕೂಗಾಡಿದರೆ ಮಾಲಕನು ಬಿಲ್ಲು ಬಿಟ್ಟು ಕಳುಹಿಸುತ್ತಾನೆ. ಮಾತು ಅಲ್ಲಿಗೇ ಮುಗಿಯುತ್ತದೆ. ಆಸ್ಪತ್ರೆಯ ಬಿಲ್ಲು ಹಾಗಲ್ಲ. ಉಳಿದ ಹಣ ಬೇಡ, ನಮ್ಮ ಮೇಲೆ ಯಾವ ತಕರಾರೂ ಇಲ್ಲವೆಂದು ಬರೆದುಕೊಡಿ ಎಂದು ದುಃಖದ ಹೊತ್ತಿನಲ್ಲಿ ಯಾರಾದರೂ ಕಾಗದ ಮುಂದಿಟ್ಟರೆ, ಅದಕ್ಕೆ ಆ ರಾತ್ರಿ ಸಹಿ ಹಾಕಬಾರದು. ಬೆಳಗಾಗಲಿ, ತಿಳಿದವರೊಬ್ಬರು ಓದಲಿ.

ಹೋಗತಕ್ಕ ಬಾಗಿಲುಗಳು

ಕಾಗದಗಳು ಕೈಸೇರಿದ ಮೇಲೆ ಎಲ್ಲಿಗೆ ಹೋಗುವುದು? ಬಾಗಿಲುಗಳು ನಾಲ್ಕು, ಒಂದೊಂದರಲ್ಲಿ ಸಿಗುವುದು ಒಂದೊಂದು.

ಪರಿಹಾರ ಬೇಕಾದವರಿಗೆ ಹತ್ತಿರದ ಬಾಗಿಲು ಜಿಲ್ಲಾ ಗ್ರಾಹಕ ಆಯೋಗ. 1995ರ ನವೆಂಬರ್ 13ರಂದು ಶಾಂತಾ ದಾವೆಯಲ್ಲಿ ಸುಪ್ರೀಂ ಕೋರ್ಟು, ಹಣ ಪಡೆದು ಕೊಡುವ ಚಿಕಿತ್ಸೆಯು ಗ್ರಾಹಕ ಕಾಯಿದೆಯ ಅರ್ಥದಲ್ಲಿ ಸೇವೆಯೇ ಸರಿ ಎಂದು ತೀರ್ಪಿತ್ತಿತು. ಹಣವನ್ನು ವಿಮಾ ಕಂಪೆನಿಯಾಗಲಿ ಧಣಿಯಾಗಲಿ ತೆತ್ತಿದ್ದರೂ ರೋಗಿಯ ಹಕ್ಕಿಗೆ ಚ್ಯುತಿಯಿಲ್ಲ. ಇ.ಎಸ್.ಐ. ಆಸ್ಪತ್ರೆಗಳೂ ಇದರೊಳಗೆ ಬರುತ್ತವೆಂದು 2007ರಲ್ಲಿ ನಿರ್ಣಯವಾಗಿದೆ. ಸಂಬಳದಿಂದ ತಿಂಗಳುತಿಂಗಳೂ ವಂತಿಗೆ ಮುರಿಸಿಕೊಳ್ಳುವ ನಮ್ಮ ಹೊಟೇಲು ಕಾರ್ಮಿಕರು ಇದನ್ನು ನೆನಪಿನಲ್ಲಿಡಬೇಕು. 2020ರ ಜುಲೈ 20ರಿಂದ ಜಾರಿಗೆ ಬಂದ ಹೊಸ ಗ್ರಾಹಕ ಕಾಯಿದೆಯಲ್ಲಿ ನಮ್ಮಂಥ ಪರವೂರಿನವರಿಗೆ ದೊಡ್ಡ ಅನುಕೂಲವೊಂದಿದೆ: ಫಿರ್ಯಾದಿಯು ತಾನು ವಾಸವಾಗಿರುವ ಅಥವಾ ದುಡಿಯುವ ಊರಿನಲ್ಲಿಯೇ ದೂರು ಕೊಡಬಹುದು. ಊರಿಗೆ ಹೋದಾಗ ಉಡುಪಿಯಲ್ಲೋ ಹುಬ್ಬಳ್ಳಿಯಲ್ಲೋ ಚಿಕಿತ್ಸೆ ಕೆಟ್ಟಿದ್ದರೂ ಪುಣೆಯ ಆಯೋಗದಲ್ಲಿ ದೂರು ನಡೆಯುತ್ತದೆ. ಚಿಕಿತ್ಸೆಗೆ ತೆತ್ತ ಹಣ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗವೇ ಸಾಕು. 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ವಕೀಲರಿಲ್ಲದೆಯೂ ವಾದಿಸಬಹುದು. ರೋಗಿ ತೀರಿಕೊಂಡಿದ್ದರೆ ವಾರಸುದಾರರು ದೂರು ಕೊಡಬಹುದು. ಎಲ್ಲರಿಗೂ ಪೂರ್ಣ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಗಳು ಮಾತ್ರ ಈ ಕಾಯಿದೆಯ ಹೊರಗಿವೆ.

ಹಾಗೆಂದು ಸರಕಾರಿ ಆಸ್ಪತ್ರೆಯಲ್ಲಿ ಕೆಟ್ಟವರಿಗೆ ಗತಿಯಿಲ್ಲವೆಂದು ಭಾವಿಸಬಾರದು. ಅವರಿಗೆ ಸಿವಿಲ್ ನ್ಯಾಯಾಲಯವೆಂಬ ಎರಡನೆಯ ಬಾಗಿಲುಂಟು. ಇದೇ ಮಹಾರಾಷ್ಟ್ರದ ಔರಂಗಾಬಾದಿನ ಸರಕಾರಿ ಆಸ್ಪತ್ರೆಯಲ್ಲಿ 1963ರ ಜುಲೈಯಲ್ಲಿ ಸಂತಾನನಿರೋಧದ ಶಸ್ತ್ರಕ್ರಿಯೆಗೊಳಗಾದ ತಾಯಿಯೊಬ್ಬಳ ಹೊಟ್ಟೆಯಲ್ಲಿ ಬಟ್ಟೆಯ ತುಂಡು ಉಳಿಯಿತು. ಎರಡು ವಾರಗಳಲ್ಲಿ ಆಕೆ ತೀರಿಕೊಂಡಳು. ಕೆಳಗಿನ ನ್ಯಾಯಾಲಯ 36,000 ರೂಪಾಯಿ ಕೊಡಿಸಿತು, ಉಚ್ಚ ನ್ಯಾಯಾಲಯ ತಳ್ಳಿಹಾಕಿತು, 1996ರಲ್ಲಿ ಸುಪ್ರೀಂ ಕೋರ್ಟು ಅದನ್ನು ಮತ್ತೆ ಕೊಡಿಸಿತು. ತನ್ನ ಆಸ್ಪತ್ರೆಯ ನೌಕರರ ಅಲಕ್ಷ್ಯಕ್ಕೆ ಸರಕಾರವೇ ಹೊಣೆಯೆಂದು ಅಲ್ಲಿ ಸ್ಥಿರವಾಯಿತು.

ಮೂರನೆಯದು ಮುಂಬಯಿಯಲ್ಲಿರುವ ಮಹಾರಾಷ್ಟ್ರ ವೈದ್ಯಕೀಯ ಪರಿಷತ್ತು. ಇಲ್ಲಿ ಹಣ ಸಿಗದು. ಆದರೆ ವಿಚಾರಣೆಯಲ್ಲಿ ತಪ್ಪು ಸಿದ್ಧವಾದರೆ ವೈದ್ಯನಿಗೆ ಎಚ್ಚರಿಕೆ ಕೊಡುವ, ಅವನ ಹೆಸರನ್ನು ಕೆಲಕಾಲ ಅಥವಾ ಶಾಶ್ವತವಾಗಿ ಪಟ್ಟಿಯಿಂದ ತೆಗೆಯುವ ಅಧಿಕಾರ ಅದಕ್ಕಿದೆ. ಇನ್ನೊಬ್ಬರಿಗೆ ಹೀಗಾಗಬಾರದೆಂಬುದೇ ಯಾರ ಮುಖ್ಯ ಉದ್ದೇಶವೋ ಅವರು ಈ ಬಾಗಿಲನ್ನು ಬಿಡಬಾರದು.

ನಾಲ್ಕನೆಯದು ಪೊಲೀಸ್ ಠಾಣೆ. ನಮ್ಮವರು ಮೊದಲು ಓಡುವುದು ಅಲ್ಲಿಗೇ. ಆದರೆ ಕಾನೂನು ಅತ್ಯಂತ ಬಿಗಿಯಾಗಿರುವುದೂ ಅಲ್ಲಿಯೇ. ಸಾಧಾರಣ ತಪ್ಪಿಗೆ ವೈದ್ಯನನ್ನು ಸೆರೆಗೆ ಕಳುಹಿಸಲಾಗದು, ಘೋರವಾದ ಅಲಕ್ಷ್ಯವೇ ಬೇಕು; ಮೊಕದ್ದಮೆಗೆ ಮುನ್ನ ನಿಷ್ಪಕ್ಷಪಾತಿಯಾದ ಇನ್ನೊಬ್ಬ ವೈದ್ಯನ, ಸಾಧ್ಯವಾದರೆ ಸರಕಾರಿ ವೈದ್ಯನ, ಅಭಿಪ್ರಾಯ ಪಡೆಯತಕ್ಕದ್ದೆಂದು 2005ರ ಆಗಸ್ಟ್ 5ರಂದು ಜೇಕಬ್ ಮ್ಯಾಥ್ಯೂ ದಾವೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಲ್ಲಿ ವೈದ್ಯನ ಅಲಕ್ಷ್ಯದಿಂದ ಮರಣವಾದರೆ ಎರಡು ವರ್ಷಗಳವರೆಗೆ ಸೆರೆಮನೆ ಮತ್ತು ದಂಡವಿದೆ. ಪೊಲೀಸರು ಕೂಡಲೇ ಕೈಕೋಳ ಹಾಕಲಿಲ್ಲವೆಂದು ನಿರಾಶರಾಗಬೇಕಾಗಿಲ್ಲ. ಉಳಿದ ಮೂರು ಬಾಗಿಲುಗಳು ಅದರಿಂದ ಮುಚ್ಚುವುದಿಲ್ಲ.

ತಾರೀಖಿನ ಮಹತ್ವ

ಗ್ರಾಹಕ ಆಯೋಗಕ್ಕೆ ಹೋಗಲು ಅವಧಿ ಎರಡೇ ವರ್ಷ. ತಡಕ್ಕೆ ತಕ್ಕ ಕಾರಣವಿದ್ದರೆ ಆಯೋಗ ಮನ್ನಿಸಬಹುದು. ಅದನ್ನೇ ನಂಬಿ ಕುಳಿತುಕೊಳ್ಳಲಾಗದು. 1993ರಲ್ಲಿ ಪಿತ್ತಕೋಶದ ಶಸ್ತ್ರಕ್ರಿಯೆ ಮಾಡಿಸಿಕೊಂಡ ದಾದಿಯೊಬ್ಬಳಿಗೆ ವರ್ಷಗಟ್ಟಲೆ ಹೊಟ್ಟೆನೋವು ಕಾಡಿತು. ಒಳಗೆ ಬಟ್ಟೆ ಉಳಿದಿತ್ತೆಂಬುದು 2002ರಲ್ಲಿ ಇನ್ನೊಂದು ಶಸ್ತ್ರಕ್ರಿಯೆಯ ವೇಳೆ ಕಂಡುಬಂತೆಂದು ಆಕೆಯ ದೂರು. ಅಷ್ಟು ವರ್ಷ ನೋವಿದ್ದರೂ ಶಸ್ತ್ರಕ್ರಿಯೆ ಮಾಡಿದ ವೈದ್ಯರ ಬಳಿಗೆ ಮರಳಿ ಹೋಗಿ ವಿಚಾರಿಸಲಿಲ್ಲವೆಂದು, ಅವಧಿ ಮೀರಿತೆಂದು, 2010ರಲ್ಲಿ ಸುಪ್ರೀಂ ಕೋರ್ಟು ಆ ದೂರನ್ನು ತಳ್ಳಿಹಾಕಿತು. ವೈದ್ಯಶಾಲೆಯಲ್ಲಿ ದುಡಿಯುವವಳಿಗೇ ಹೀಗಾದರೆ ಉಳಿದವರ ಪಾಡೇನು? ನೋವು ನಿಲ್ಲದಿದ್ದರೆ ಕೂಡಲೆ ಮರಳಿ ಹೋಗಬೇಕು, ಹೋದುದಕ್ಕೆ ಚೀಟಿ ಇಟ್ಟುಕೊಳ್ಳಬೇಕು.

ಇಷ್ಟೆಲ್ಲ ಮಾಡಿದ ಮಾತ್ರಕ್ಕೆ ನ್ಯಾಯ ಬೇಗ ಸಿಗುತ್ತದೆಂದು ನಾವು ಆಸೆ ಹುಟ್ಟಿಸಲಾರೆವು. ಸಾಧಾರಣ ದೂರುಗಳನ್ನು ಮೂರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ; ನಡೆಯುವುದು ವರ್ಷಗಟ್ಟಲೆ. ಕೋಲ್ಕತಾದಲ್ಲಿ ನಡೆದ ಚಿಕಿತ್ಸೆಯ ತರುವಾಯ 1998ರಲ್ಲಿ ಹೆಂಡತಿಯನ್ನು ಕಳೆದುಕೊಂಡ ಕುನಾಲ ಸಾಹಾ ಸ್ವತಃ ವೈದ್ಯರಾಗಿದ್ದೂ 2013ರವರೆಗೆ ಹೋರಾಡಬೇಕಾಯಿತು. ಅವರಿಗೆ ಸುಪ್ರೀಂ ಕೋರ್ಟು ಕೊಡಿಸಿದ್ದು ಸುಮಾರು 6 ಕೋಟಿ ರೂಪಾಯಿ, ಮೇಲೆ ಬಡ್ಡಿ. ಪುಣೆಯ ತಂದೆಗೆ ದೊರೆತ 3,000 ರೂಪಾಯಿಗೂ ಇದಕ್ಕೂ ಅಜಗಜಾಂತರ. ಆದರೆ ಇಬ್ಬರೂ ನಡೆದ ದಾರಿ ಹದಿನೈದು ವರ್ಷಗಳದೇ. ದಾವೆ ಹೂಡಬೇಕೆ, ಹೂಡದೆ ಪರಿಷತ್ತಿಗೆ ಮಾತ್ರ ದೂರಿತ್ತು ಸಮಾಧಾನ ತಾಳಬೇಕೆ ಎಂಬುದನ್ನು ಆಯಾ ಕುಟುಂಬವೇ ತನ್ನ ಶಕ್ತಿಯನ್ನು ನೋಡಿಕೊಂಡು ನಿಶ್ಚಯಿಸತಕ್ಕದ್ದು. ನಿಶ್ಚಯಿಸುವ ಹಕ್ಕು ಉಳಿಯಬೇಕಾದರೆ ಮಾತ್ರ ಕಾಗದ ಕೈಯಲ್ಲಿರಬೇಕು.

ಹಣವಿಲ್ಲದವರು ಹಿಂಜರಿಯಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಕಾಯಿದೆಯ ಮೇರೆಗೆ ಸ್ತ್ರೀಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ವರಮಾನವನ್ನು ನೋಡದೆ ಉಚಿತ ವಕೀಲರ ಸಹಾಯ ಸಿಗುತ್ತದೆ. ಪುಣೆಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರಾಯಿತು. ಗಂಡನನ್ನು ಕಳೆದುಕೊಂಡು ಮಕ್ಕಳೊಡನೆ ಉಳಿದ ನಮ್ಮ ತಾಯಂದಿರಿಗೆ ಈ ಸಂಗತಿಯನ್ನು ಯಾರಾದರೂ ಹೋಗಿ ಹೇಳಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿಯೂ ಸಲಹೆ ಪಡೆಯಬಹುದು.

ಕೊನೆಯದಾಗಿ ನಮ್ಮ ಸಂಘಸಂಸ್ಥೆಗಳ ಮುಂದೆ ಒಂದು ಕೋರಿಕೆ. ಈ ಊರಿನಲ್ಲಿ ಕನ್ನಡ ಬಲ್ಲ ವೈದ್ಯರಿದ್ದಾರೆ, ವಕೀಲರಿದ್ದಾರೆ, ಮರಾಠಿಯನ್ನು ನೀರು ಕುಡಿದಂತೆ ಓದುವ ಮಾಸ್ತರರಿದ್ದಾರೆ. ಪ್ರತಿ ಸಂಘವೂ ಇವರಲ್ಲಿ ನಾಲ್ವರ ಹೆಸರನ್ನು ಬರೆದಿಟ್ಟು, ಆಪತ್ತಿನ ರಾತ್ರಿ ಒಬ್ಬರಾದರೂ ಆಸ್ಪತ್ರೆಗೆ ಬಂದು ಕಾಗದ ಓದಿ ಹೇಳುವಂತೆ ಏರ್ಪಾಡು ಮಾಡಬಾರದೇಕೆ? ಹೊಟೇಲಿನ ಕೊಠಡಿಯಲ್ಲಿ ಒಂಟಿಯಾಗಿ ಮಲಗುವ ಹುಡುಗನಿಗೆ ಜ್ವರ ಬಂದರೆ ಆಸ್ಪತ್ರೆಗೆ ಸೇರಿಸುವವರು ನಮ್ಮಲ್ಲಿ ಎಂದೂ ಕಡಿಮೆಯಾಗಿಲ್ಲ. ಅವನ ಕೇಸ್‌ಪೇಪರನ್ನು ಕೇಳಿ ಪಡೆದು ಜೋಪಾನವಾಗಿಡುವವರೂ ಇರಲಿ. ಅಂತಹ ಪಟ್ಟಿ ಸಿದ್ಧಪಡಿಸಿದ ಸಂಘದವರು ನಮಗೆ ತಿಳಿಸಿದಲ್ಲಿ ವಾಚಕರ ಉಪಯೋಗಕ್ಕಾಗಿ ಅದನ್ನು ಈ ಪತ್ರಿಕೆಯಲ್ಲಿ ಸಂತೋಷದಿಂದ ಪ್ರಕಟಿಸುವೆವು.